ಮ್ಯಾಕ್ಸ್-ಪ್ಲಸ್ ಬೀಜಗಣಿತ ಮತ್ತು ಕಾಲಬದ್ಧ ಘಟನಾ ವ್ಯವಸ್ಥೆಗಳ ನಿಯಂತ್ರಣ

ರೈಲು ಸಂಚಾರ, ಕಾರ್ಖಾನೆಯ ಉತ್ಪಾದನಾ ಸಾಲು ಮುಂತಾಗಿ ಬಿಡಿ ಬಿಡಿ ಘಟನೆಗಳಿಂದ ಸಾಗುವ ವ್ಯವಸ್ಥೆಗಳ ವೇಳೆಯನ್ನು ಲೆಕ್ಕಹಾಕಿ ನಿಯಂತ್ರಿಸುವ ಗಣಿತ ವಿಧಾನ. ಇದರಲ್ಲಿ ಕೂಡುವುದೆಂದರೆ ಎರಡರಲ್ಲಿ ದೊಡ್ಡದನ್ನು ಆರಿಸುವುದು. ಗುಣಿಸುವುದೆಂದರೆ ಮಾಮೂಲಿ ಸಂಕಲನ. 3ಕ್ಕೆ 5 ಕೂಡಿದರೆ 5, 3ನ್ನು 5ರಿಂದ ಗುಣಿಸಿದರೆ 8.

ಈ ವಿಚಿತ್ರ ನಿಯಮಕ್ಕೆ ಕಾರಣವಿದೆ. ಸಂಪರ್ಕ ರೈಲುಗಳೆಲ್ಲ ಬಂದ ಮೇಲಷ್ಟೇ ಹೊರಡುವ ಗಾಡಿ, ಕೊನೆಯದಾಗಿ ಬರುವ ಗಾಡಿಗೆ ಕಾಯಲೇಬೇಕು; ಪ್ರಯಾಣದ ಅವಧಿ ಹೊರಟ ವೇಳೆಗೆ ಸೇರುತ್ತದೆ. ಸಾಮಾನ್ಯ ಗಣಿತದಲ್ಲಿ ತೊಡಕಾಗುವ ಈ ವೇಳೆ ಲೆಕ್ಕದ ಸಮೀಕರಣಗಳು ಇಲ್ಲಿ ಸರಳ ರೇಖೀಯ ರೂಪ ತಾಳುತ್ತವೆ.

ಎರಡು ನಿಲ್ದಾಣಗಳ ಉದಾಹರಣೆ ನೋಡಬಹುದು. ಮೊದಲನೆಯದರಿಂದ ಎರಡನೆಯದಕ್ಕೆ 3 ಗಂಟೆ, ಮರಳಲು 5 ಗಂಟೆ. ಸ್ಥಳೀಯ ಸುತ್ತುಗಳಿಗೆ ಕ್ರಮವಾಗಿ 2 ಮತ್ತು 3 ಗಂಟೆ. ಎರಡೂ ಕಡೆ ಏಕಕಾಲಕ್ಕೆ ಹೊರಟರೆ ಮೊದಲ ನಿಲ್ದಾಣದ ಗಾಡಿಗಳು 0, 5, 8, 13ನೇ ಗಂಟೆಗೆ ಏರುಪೇರಾಗಿ ಹೊರಡುತ್ತವೆ. ಅಲ್ಲಿನ ಮೊದಲ ಗಾಡಿಯನ್ನು ಒಂದು ಗಂಟೆ ತಡೆದರೆ ಸಾಕು, ಎರಡೂ ಕಡೆ ಸರಿಯಾಗಿ 4 ಗಂಟೆಗೊಮ್ಮೆ ಗಾಡಿ. ಈ 4 ವ್ಯವಸ್ಥೆಯ ‘ಐಗನ್ ಮೌಲ್ಯ’: ಅತಿ ನಿಧಾನದ ಸುತ್ತಿನ ಸರಾಸರಿ, ಇಲ್ಲಿ ಹೋಗಿಬರುವ 3 ಮತ್ತು 5 ಗಂಟೆಗಳ ಸರಾಸರಿ.

ಇಂಥ ವ್ಯವಸ್ಥೆಯ ನಿಯಂತ್ರಕ ಘಟನೆಯನ್ನು ತಡಮಾಡಬಲ್ಲದು, ಕನಿಷ್ಠ ಅವಧಿಗಿಂತ ಬೇಗ ಮುಗಿಸಲಾರದು. ಆದ್ದರಿಂದ, ಕಾರ್ಖಾನೆಯಲ್ಲಿ ಗಡುವು ಮೀರದಂತೆ ಕಚ್ಚಾವಸ್ತುವನ್ನು ಎಷ್ಟು ತಡವಾಗಿ ಒಳಬಿಡಬಹುದು ಎಂಬುದು ನಿಯಂತ್ರಣದ ಒಂದು ಮುಖ್ಯ ಪ್ರಶ್ನೆ.

ಬ್ರಿಟನ್ನಿನ ಕನಿಂಗ್‌ಹ್ಯಾಮ್-ಗ್ರೀನ್ 1979ರಲ್ಲಿ ಈ ಬೀಜಗಣಿತದ ಬಗ್ಗೆ ‘ಮಿನಿಮ್ಯಾಕ್ಸ್ ಆಲ್ಜಿಬ್ರಾ’ ಎಂಬ ಪುಸ್ತಕ ಪ್ರಕಟಿಸಿದರು. 1985ರಲ್ಲಿ ಫ್ರಾನ್ಸಿನ ಕೊಹೆನ್, ದ್ಯೂಬ್ವಾ, ಕ್ವಾದ್ರಾ, ವಿಯೋ ಈ ಗಣಿತವನ್ನು ಉತ್ಪಾದನಾ ವ್ಯವಸ್ಥೆಗಳಿಗೆ ಅನ್ವಯಿಸಿದರು. ನೆದರ್ಲೆಂಡ್ಸ್‌ನ ರೈಲು ವೇಳಾಪಟ್ಟಿಯ ಅಧ್ಯಯನಕ್ಕೂ ಇದು ಬಳಕೆಯಾಗಿದೆ.