ಎತ್ತರ ಕಡಿಮೆ ಇರುವವರ ಕಾಲುಮೂಳೆ ಮುರಿತ ಮತ್ತು ರಾಡ್ ಚಿಕಿತ್ಸೆ

ತೊಡೆಯ ಮೂಳೆಯಾಗಲಿ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಾಗಲಿ ಮಧ್ಯದಲ್ಲಿ ಮುರಿದಾಗ, ಅದರೊಳಗಿನ ಮಜ್ಜೆಯ ನಾಳದಲ್ಲಿ ಲೋಹದ ಸರಳನ್ನು ಕೂರಿಸಿ ಮುರಿದ ಭಾಗಗಳನ್ನು ಹಿಡಿದಿಡುವ ಶಸ್ತ್ರಚಿಕಿತ್ಸೆ ಇಂದು ಸರ್ವಸಾಮಾನ್ಯ. ವೈದ್ಯರು ಈ ಸರಳನ್ನು ನೈಲ್ ಎನ್ನುತ್ತಾರೆ; ಮನೆಗಳಲ್ಲಿ ‘ಕಾಲಿಗೆ ರಾಡ್ ಹಾಕಿದ್ದಾರೆ’ ಎಂಬುದೇ ರೂಢಿಯ ಮಾತು. ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಗೆರ್ಹಾರ್ಡ್ ಕ್ಯುಂಚರ್ 1939ರಲ್ಲಿ ಈ ವಿಧಾನವನ್ನು ಕೈಗೊಂಡು, 1940ರಲ್ಲಿ ವೈದ್ಯರ ಸಮ್ಮುಖದಲ್ಲಿ ಮಂಡಿಸಿದರು. ಅದಕ್ಕೆ ಮುನ್ನ ತೊಡೆಮೂಳೆ ಮುರಿದವರು ಸಾಮಾನ್ಯವಾಗಿ ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತಿತ್ತು.

ರಾಡ್ ಎಲ್ಲರಿಗೂ ಒಂದೇ ಅಳತೆಯದಲ್ಲ. ಅದರ ಉದ್ದ, ದಪ್ಪ ಮತ್ತು ಬಾಗು ರೋಗಿಯ ಮೂಳೆಗೆ ಹೊಂದಬೇಕು. ಎತ್ತರ ಕಡಿಮೆ ಇರುವವರಲ್ಲಿ ಮೂಳೆಯೂ ಗಿಡ್ಡ. ಅನೇಕರಲ್ಲಿ ಮಜ್ಜೆಯ ನಾಳವೂ ಕಿರಿದು. ರಾಡ್ ಉದ್ದವಾದರೆ ಅದರ ತುದಿ ಹೊರಚಾಚಿ ಸೊಂಟದ ಬಳಿ ಅಥವಾ ಮೊಣಕಾಲಿನಲ್ಲಿ ನೋವುಂಟುಮಾಡುತ್ತದೆ. ಗಿಡ್ಡವಾದರೆ ಹಿಡಿತ ಸಾಲದು. ದಪ್ಪವಾದರೆ ಕೂರಿಸುವಾಗಲೇ ಮೂಳೆ ಸೀಳಬಹುದು. ತೊಡೆಯ ಮೂಳೆ ಸ್ವಭಾವತಃ ಮುಂದಕ್ಕೆ ಬಾಗಿರುತ್ತದೆ. ಏಷ್ಯಾದ ಗಿಡ್ಡ ನಿಲುವಿನ ವಯೋವೃದ್ಧೆಯರಲ್ಲಿ ಈ ಬಾಗು ಹೆಚ್ಚಾಗಿರುವುದುಂಟು. ಅಂಥವರಿಗೆ ನೇರವಾದ ರಾಡ್ ಹಾಕಿದರೆ ಅದರ ತುದಿ ಮೊಣಕಾಲಿನ ಮೇಲ್ಭಾಗದಲ್ಲಿ ಮೂಳೆಯ ಮುಂಗೋಡೆಯನ್ನು ಒತ್ತುತ್ತದೆ.

ಆದುದರಿಂದ ಅಳತೆಯೇ ಚಿಕಿತ್ಸೆಯ ಮೊದಲ ಹೆಜ್ಜೆ. ಎಕ್ಸ್-ರೇಯಲ್ಲಿ ಮೂಳೆ ನಿಜಕ್ಕಿಂತ ದೊಡ್ಡದಾಗಿ ಕಾಣುವುದರಿಂದ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಮುರಿಯದ ಕಾಲಿನ ಚಿತ್ರವನ್ನೂ ತೆಗೆಯುವುದು ಸೂಕ್ತ. ನಾಳ ಕಿರಿದಾಗಿದ್ದರೆ, ಹಾಕಲಿರುವ ರಾಡ್‌ಗಿಂತ ಸುಮಾರು 1ರಿಂದ 1.5 ಮಿಲಿಮೀಟರ್ ಹೆಚ್ಚು ಅಗಲವಾಗುವಂತೆ ಕೊರೆದು ಹಿಗ್ಗಿಸುತ್ತಾರೆ. ಅದೂ ಸಾಧ್ಯವಾಗದಿದ್ದಲ್ಲಿ ಪ್ಲೇಟ್ ಮತ್ತು ಸ್ಕ್ರೂಗಳ ಮಾರ್ಗವಿದೆ. ಮಕ್ಕಳಿಗೆ, ಮೂಳೆ ಬೆಳೆಯುವ ತುದಿಭಾಗಕ್ಕೆ ಧಕ್ಕೆಯಾಗದಂತೆ, ಬಳುಕುವ ತೆಳು ಸರಳುಗಳನ್ನು ಬಳಸುವುದುಂಟು.

ಅಕಾಂಡ್ರೋಪ್ಲೇಸಿಯಾ ಎಂಬ ಹುಟ್ಟಿನ ಸ್ಥಿತಿಯಿಂದ ಕುಬ್ಜರಾದವರಲ್ಲಿ ಕೈಕಾಲುಗಳ ಮೂಳೆಗಳು ಗಿಡ್ಡವಾಗಿದ್ದು ಹಲವೊಮ್ಮೆ ಬಾಗಿರುತ್ತವೆ. ಇವರ ಬೆನ್ನುಹುರಿಯ ನಾಳವೂ ಕಿರಿದಾಗಿರುವುದರಿಂದ ಬೆನ್ನಿಗೆ ಅರಿವಳಿಕೆ ಕೊಡುವುದು ಕಷ್ಟವಾಗಬಹುದು. ಅರಿವಳಿಕೆ ತಜ್ಞರಿಗೆ ಈ ಸಂಗತಿ ಮುಂಚಿತವಾಗಿ ತಿಳಿದಿರಲೇಬೇಕು.

ಬಚ್ಚಲುಮನೆಯಲ್ಲಿ ಜಾರಿಬಿದ್ದ ತಾಯಿಯನ್ನೋ ಅಜ್ಜಿಯನ್ನೋ ಆಸ್ಪತ್ರೆಗೆ ಸೇರಿಸಿದಾಗ ಗಾಬರಿಯಲ್ಲಿ ನಾವು ಖರ್ಚನ್ನು ಮಾತ್ರ ವಿಚಾರಿಸಿ ಸಹಿ ಹಾಕುತ್ತೇವೆ. ‘ಇವರ ಮೂಳೆಯ ಅಳತೆ ತೆಗೆದಿದ್ದೀರಾ? ಹೊಂದುವ ರಾಡ್ ಸಿದ್ಧವಿದೆಯೇ? ಹೊಂದದಿದ್ದರೆ ಮುಂದೇನು?’ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬಹುದು. ಹಿಂದೆ ಮುರಿದ ಮೂಳೆ, ಹಾಕಿಸಿದ ಲೋಹ, ಹಳೆಯ ಎಕ್ಸ್-ರೇಗಳಿದ್ದರೆ ವೈದ್ಯರ ಗಮನಕ್ಕೆ ತರಬೇಕು. ಹಿರಿಯರು ಮತ್ತೆ ತಮ್ಮ ಕಾಲ ಮೇಲೆ ನಿಂತು ನಡೆಯುವುದು ಶಸ್ತ್ರವೈದ್ಯರ ಕೈಚಳಕದಷ್ಟೇ ಈ ಪೂರ್ವಸಿದ್ಧತೆಯನ್ನೂ ಅವಲಂಬಿಸಿದೆ.