ಬೇಕರಿಯವರ ಮಗ, ರಾಜಮನೆತನದ ಟೋಪಿಗಾರ: ಯಾರು ಈ ಫಿಲಿಪ್ ಟ್ರೇಸಿ?

ನಮ್ಮ ಕಡೆ 'ಟೋಪಿ ಹಾಕಿದ' ಅಂದ್ರೆ ಮೋಸ ಮಾಡಿದ ಅಂತ ಅರ್ಥ. ಆದರೆ ಲಂಡನ್‌ನಲ್ಲಿ ಒಬ್ಬರು ರಾಜಮನೆತನದವರಿಗೆ, ಸಿನಿಮಾ ತಾರೆಯರಿಗೆ ಟೋಪಿ ಹಾಕಿಯೇ ಜಗತ್ತಿನಲ್ಲೆಲ್ಲಾ ಹೆಸರು ಮಾಡಿದ್ದಾರೆ. ಅವರೇ ಐರ್ಲೆಂಡ್ ಮೂಲದ ಟೋಪಿ ವಿನ್ಯಾಸಕ ಫಿಲಿಪ್ ಟ್ರೇಸಿ.

ಹಳ್ಳಿಯ ಹುಡುಗ
ಟ್ರೇಸಿ ಹುಟ್ಟಿದ್ದು 1967ರಲ್ಲಿ, ಗಾಲ್ವೇ ಕೌಂಟಿಯ ಅಹಾಸ್ಕ್ರಾ ಎಂಬ ಸಣ್ಣ ಊರಲ್ಲಿ. ತಂದೆ ಬೇಕರಿ ಕೆಲಸದವರು. ತಾಯಿ ಕೋಳಿ, ಬಾತುಕೋಳಿ ಸಾಕುತ್ತಿದ್ದರು. ಹಾಗಾಗಿ ಗರಿಗಳ ಪರಿಚಯ ಮನೆಯಲ್ಲೇ ಆಯ್ತು. ಮನೆ ಎದುರಿಗೇ ಚರ್ಚ್. ಅಲ್ಲಿ ಮದುವೆಗೆ ಬರುವವರ ಬಟ್ಟೆಬರೆ ನೋಡೋದೇ ಹುಡುಗನಿಗೆ ಹಬ್ಬ. ಶಾಲೆಯಲ್ಲಿ ಹೊಲಿಗೆ ಹೆಣ್ಣುಮಕ್ಕಳಿಗೆ ಮಾತ್ರ ಇತ್ತು. ಈತ ತಾನೂ ಕಲಿಯುತ್ತೇನೆ ಅಂತ ಕೇಳಿ ಸೂಜಿ ಹಿಡಿದ.

1985ರಲ್ಲಿ ಡಬ್ಲಿನ್‌ನ ಕಲಾ ಕಾಲೇಜು ಸೇರಿದರು. 1988ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಬಂದರು.

ಬದುಕು ಬದಲಿಸಿದ ಭೇಟಿ
1989ರಲ್ಲಿ ತಾವು ಮಾಡಿದ ಟೋಪಿಯೊಂದನ್ನು 'ಟ್ಯಾಟ್ಲರ್' ಪತ್ರಿಕೆ ಕಚೇರಿಗೆ ತೋರಿಸಲು ಒಯ್ದರು. ಅಲ್ಲಿದ್ದ ಇಸಬೆಲ್ಲಾ ಬ್ಲೋ ಅದನ್ನು ಕಂಡು, ತಮ್ಮ ಮದುವೆಯ ಶಿರೋಭೂಷಣ ಮಾಡುವ ಕೆಲಸ ಕೊಟ್ಟರು. ಓದು ಮುಗಿದ ಮೇಲೆ ತಮ್ಮ ಮನೆಯ ನೆಲಮಾಳಿಗೆಯನ್ನೇ ವರ್ಕ್‌ಶಾಪ್‌ಗೆ ಬಿಟ್ಟುಕೊಟ್ಟರು. ಆಗ ಟ್ರೇಸಿ ಕೈಯಲ್ಲಿ ಬಂಡವಾಳ ಇರಲಿಲ್ಲ, ಇದ್ದಿದ್ದು ಕಸುಬು ಮಾತ್ರ.

1991ರಲ್ಲಿ ಪ್ಯಾರಿಸ್‌ನ ಪ್ರಸಿದ್ಧ ಶನೆಲ್ ಸಂಸ್ಥೆಯ ಕಾರ್ಲ್ ಲಾಗರ್‌ಫೆಲ್ಡ್ ಕರೆಸಿಕೊಂಡರು. 1994ರಲ್ಲಿ ಲಂಡನ್ನಿನ ಎಲಿಜಬೆತ್ ಸ್ಟ್ರೀಟ್‌ನಲ್ಲಿ ಸ್ವಂತ ಅಂಗಡಿ ಬಾಗಿಲು ತೆರೆಯಿತು. ಬ್ರಿಟನ್ನಿನ ವರ್ಷದ ಅತ್ಯುತ್ತಮ ಆಕ್ಸೆಸರಿ ವಿನ್ಯಾಸಕ ಪ್ರಶಸ್ತಿ ಐದು ಸಲ ಬಂತು.

ಟೋಪಿ ಆಗೋದು ಹೇಗೆ?
ಫೆಲ್ಟ್ ಅಥವಾ ಹುಲ್ಲಿನ ನೇಯ್ಗೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಮರದ ಅಚ್ಚಿನ ಮೇಲೆ ಎಳೆದು ಕಟ್ಟುತ್ತಾರೆ. ಒಣಗಿದ ಮೇಲೆ ಅಚ್ಚಿನಿಂದ ತೆಗೆದು, ಅಂಚಿಗೆ ತಂತಿ ಕೊಟ್ಟು, ಒಳಗೆ ರಿಬ್ಬನ್ ಹೊಲಿಯುತ್ತಾರೆ. 'ಸಿನಮೇ' ಅನ್ನೋ ಬಟ್ಟೆಯೂ ಈ ಕಸುಬಲ್ಲಿ ಬಹಳ ಬಳಕೆ. ಅದು ಫಿಲಿಪ್ಪೀನ್ಸ್‌ನ ಅಬಾಕಾ ಗಿಡದ ನಾರಿನದು, ಅಂದರೆ ನಮ್ಮ ಬಾಳೆಯ ಸಂಬಂಧಿಯದು!

ನಗೆಪಾಟಲು, ಆಮೇಲೆ ಹರಾಜು
2005ರಲ್ಲಿ ಚಾರ್ಲ್ಸ್ ಜೊತೆಗಿನ ವಿವಾಹದ ದಿನ ಕ್ಯಾಮಿಲ್ಲಾ ಧರಿಸಿದ ಚಿನ್ನದ ಬಣ್ಣದ ಗರಿಗಳ ಶಿರೋಭೂಷಣ ಟ್ರೇಸಿಯದೇ. 2011ರ ವಿಲಿಯಂ–ಕೇಟ್ ಮದುವೆಯಲ್ಲಿ ಇವರ 36 ಟೋಪಿಗಳಿದ್ದವು. ಅದರಲ್ಲಿ ರಾಜಕುಮಾರಿ ಬಿಯಾಟ್ರಿಸ್ ತಲೆ ಮೇಲಿದ್ದ ರಿಬ್ಬನ್ ಗಂಟಿನಾಕಾರದ ಟೋಪಿಯನ್ನು ಜನ ಇಂಟರ್‌ನೆಟ್‌ನಲ್ಲಿ ಸಿಕ್ಕಾಪಟ್ಟೆ ಗೇಲಿ ಮಾಡಿದರು. ಬಿಯಾಟ್ರಿಸ್ ಅದನ್ನೇ ಇಬೇನಲ್ಲಿ ಹರಾಜಿಗಿಟ್ಟರು. ಬಂದಿದ್ದು 81 ಸಾವಿರ ಪೌಂಡ್‌ಗೂ ಹೆಚ್ಚು! ಹಣವೆಲ್ಲಾ ಮಕ್ಕಳ ಸೇವಾ ಸಂಸ್ಥೆಗಳಿಗೆ ಹೋಯ್ತು.

ಕೊನೆಯ ಗೌರವ
2007ರಲ್ಲಿ ಬ್ರಿಟನ್ ಸರ್ಕಾರ ಟ್ರೇಸಿಗೆ ಗೌರವ ಒಬಿಇ ಪದವಿ ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಇಸಬೆಲ್ಲಾ ತೀರಿಕೊಂಡರು. ಮದುವೆಯ ದಿನ ಟ್ರೇಸಿ ಮಾಡಿದ ಶಿರೋಭೂಷಣ ತೊಟ್ಟು ನಿಂತಿದ್ದ ಗ್ಲಾಸ್ಟರ್ ಕೆಥೆಡ್ರಲ್‌ನಲ್ಲೇ ಅಂತ್ಯಕ್ರಿಯೆಯೂ ನಡೆಯಿತು. ಶವಪೆಟ್ಟಿಗೆ ಮೇಲಿದ್ದಿದ್ದು ಟ್ರೇಸಿ ಕೈಯಾರೆ ಮಾಡಿದ ಕಪ್ಪು ಹಡಗಿನ ಟೋಪಿ.

ಬಂಡವಾಳ ಇಲ್ಲದ ಹುಡುಗನಿಗೆ ಜಾಗ ಕೊಟ್ಟವರು ಅವರು. ಅಲ್ಲಿಂದ ಶುರುವಾದ ಕಸುಬು ಇವತ್ತಿಗೂ ನಡೆಯುತ್ತಿದೆ.