ದಾಸೋಹ

ಸಂಸ್ಕೃತದ 'ದಾಸಃ' ಮತ್ತು 'ಅಹಂ' ಸೇರಿ 'ದಾಸೋಽಹಂ', ಅಂದರೆ 'ನಾನು ದಾಸ'. 12ನೆಯ ಶತಮಾನದ ಶರಣರು ಈ ಮಾತನ್ನು ಕಾಯಕದ ಜೊತೆಗಿಟ್ಟರು: ದುಡಿದು ಗಳಿಸಿದ್ದನ್ನು ಸಮಾಜಕ್ಕೆ ಒಪ್ಪಿಸುವುದು ದಾಸೋಹ. ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನೇ ಆಳು. ಈಗ ಮಠದ ಊಟದ ಮನೆಗೂ ಅದೇ ಹೆಸರು. ತುಮಕೂರಿನ ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯ ಸೇರಿ ತ್ರಿವಿಧ ದಾಸೋಹ. ಸರ್ಕಾರಿ ಶಾಲೆಗಳ ಬಿಸಿಯೂಟವೂ 'ಅಕ್ಷರ ದಾಸೋಹ'ವೇ.

ಕೊಡುವವನ ಹಮ್ಮು ಸಮಾಜಕಾರ್ಯದ ಹಳೆಯ ನೈತಿಕ ಪ್ರಶ್ನೆ. ಅಮೆರಿಕದ ಶಿಕಾಗೊದಲ್ಲಿ ಜೇನ್ ಆಡಮ್ಸ್ 1889ರಲ್ಲಿ ಹಲ್ ಹೌಸ್ ತೆರೆದು, ವಲಸೆ ಕಾರ್ಮಿಕರ ಕೇರಿಯಲ್ಲೇ ಅವರ ನೆರೆಯವರಾಗಿ ಬಾಳಿದರು. ಅದೇ ಊರಿನ ಲೊಯೊಲಾ ವಿಶ್ವವಿದ್ಯಾಲಯದ ಫೆಲಿಕ್ಸ್ ಬೀಸ್ಟೆಕ್ 1957ರ ತಮ್ಮ ಪುಸ್ತಕದಲ್ಲಿ, ನೆರವು ಬೇಡಿ ಬಂದವರನ್ನು ಇದ್ದಂತೆ ಒಪ್ಪಬೇಕು, ತೀರ್ಪು ಕೊಡಬಾರದು, ಗುಟ್ಟು ಕಾಯಬೇಕು, ಅವರ ಬದುಕಿನ ನಿರ್ಧಾರ ಅವರಿಗೇ ಬಿಡಬೇಕು ಎಂದರು. ಕೊನೆಯದೇ ಕಷ್ಟದ್ದು: ಕುಡಿತ ಬಿಡದವನಿಗೆ ಊಟ ಬಡಿಸಬೇಕೆ? ಬಡಿಸಬೇಕು ಎನ್ನುತ್ತದೆ ದಾಸೋಹ. ಪಂಕ್ತಿಯಲ್ಲಿ ಕೂತವರ ಯೋಗ್ಯತೆ ಅಳೆಯುವ ಹಕ್ಕು ಆಳಿಗಿಲ್ಲ.

ಶಿಕಾಗೊ, ಡೆಟ್ರಾಯಿಟ್ ಕಡೆ ಹಸಿದವರಿಗೆ ಬಡಿಸಲು ಹೋಗುವ ಕನ್ನಡಿಗರಲ್ಲಿ ಒಂದು ಬಿನ್ನಹ: ತಟ್ಟೆ ಹಿಡಿದವರ ಫೋಟೊ ತೆಗೆಯಬೇಡಿ.